ಹುರುಕಲ್ಲ, ಹುರುಪು

ನಮ್ಮ ಡಾಕ್ಟರು ತೀರಿಕೊಂಡ ಸುದ್ದಿ ಬಂದಾಗ ನಾನು ಮುಂಡರಗಿಯ ಒಂದು ಮದುವೆಯಲ್ಲಿ ಅವರದೇ ದನಿಯಲ್ಲಿ ಮಾತಾಡುತ್ತಿದ್ದೆ. ಕೈಯಲ್ಲಿ ಮೈಕು, ಮೂಗಿನ ತುದಿಯಲ್ಲಿ ಯಾರದೋ ಅಜ್ಜನಿಂದ ಇಸಿದುಕೊಂಡ ಚಾಳೀಸು, ಎದುರಿಗೆ ಊಟ ಮುಗಿಸಿ ಎಲೆ ಅಡಿಕೆ ಮೆಲ್ಲುತ್ತ ಕುಳಿತ ಬೀಗರು. "ಹ್ಞಾಂ… ಕೆರಕೊಂಡಿ ಹೌದಲ್ಲೋ? ಉಗುರು ಖರೆ ಹೇಳಾಕತ್ತೈತಿ, ಬಾಯಿ ಯಾಕ ಸುಳ್ಳು ಹೇಳತೈತಿ?" ಎನ್ನುವಷ್ಟರಲ್ಲಿ ಕಿಸೆಯಲ್ಲಿ ಫೋನು ನಡುಗಿತು. ಹೆಂಡತಿ ಒಂದೇ ಸಾಲು ಬರೆದಿದ್ದಳು. ಓದಿದೆ. ನನ್ನ ಸ್ವಂತ ದನಿ ಎಲ್ಲಿಟ್ಟಿದ್ದೇನೆಂದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಅವರ ದನಿಯಲ್ಲೇ, "ಆತು, ಇವತ್ತಿಗೆ ಇಷ್ಟ ಸಾಕು" ಎಂದು ಮೈಕು ಕೊಟ್ಟು ಇಳಿದೆ. ಅದೂ ನಕಲಿನ ಭಾಗವೆಂದು ತಿಳಿದ ಜನ ಜೋರಾಗಿ ಚಪ್ಪಾಳೆ ಹೊಡೆದರು. ಡಾಕ್ಟರಿಗೆ ಗೊತ್ತಾಗಿದ್ದರೆ ಖುಷಿಪಡುತ್ತಿದ್ದರು. ಬದುಕಿದ್ದಾಗ ಅವರ ಮಾತಿಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಎಲ್ಲರ ಕೈಗಳೂ ಕೆರೆದುಕೊಳ್ಳುವುದರಲ್ಲೇ ತೊಡಗಿರುತ್ತಿದ್ದವು.

ನಾನು ಬೆಟಗೇರಿಯವನು. ಮನೆಯಲ್ಲಿ ಅಪ್ಪನ ಕೈಮಗ್ಗ ಇನ್ನೂ ಇದೆ. ನನ್ನ ಕೈಗೆ ಲಾಳಿ ಹಿಡಿಯಲಿಲ್ಲ, ಮೈಕು ಹಿಡಿಯಿತು. ಹಗಲು ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತೇನೆ. ಸಂಜೆ ಮದುವೆ, ಗಣಪತಿ ಪೆಂಡಾಲು, ಬೀಳ್ಕೊಡುಗೆ ಸಮಾರಂಭ, ಎಲ್ಲಿ ಕರೆದರೆ ಅಲ್ಲಿಗೆ ಹೋಗಿ ಮಂದಿಯ ಹಾಗೆ ಮಾತಾಡುತ್ತೇನೆ. ಕರೆಯದಿದ್ದರೂ ಮಾತಾಡುತ್ತೇನೆ. ಅದೇ ತೊಂದರೆ.

ಇಂಥ ನನಗೆ ಒಂದು ವರ್ಷ ಮೊಣಕೈ, ಮೊಣಕಾಲು, ನೆತ್ತಿಯ ಮೇಲೆ ಕೆಂಪು ಮಚ್ಚೆಗಳೆದ್ದವು. ಅವುಗಳ ಮೇಲೆ ಬೆಳ್ಳಿ ಬಣ್ಣದ ಹೊಟ್ಟು. ಕರಿ ಕೋಟು ತೊಟ್ಟು ವೇದಿಕೆ ಹತ್ತಿ ತಲೆ ಕುಣಿಸಿದರೆ ಸಾಕು, ಹೆಗಲ ತುಂಬ ಉದುರುತ್ತಿತ್ತು. ಶಿರಹಟ್ಟಿಯಲ್ಲಿ ಮುಂದಿನ ಸಾಲಿನ ಕೂಸೊಂದು, "ಯವ್ವಾ, ಮಾಮಾನ ತಲ್ಯಾಗಿಂದ ಚುರಮರಿ ಬೀಳಾಕತ್ತಾವು!" ಎಂದು ಕೂಗಿತು. ಆ ಸಂಜೆ ನನ್ನ ಯಾವ ನಕಲಿಗೂ ಅಷ್ಟು ನಗೆ ಬಿದ್ದಿರಲಿಲ್ಲ. ಮರುದಿನವೇ ಗದಗಿನ ಚರ್ಮದ ಡಾಕ್ಟರ ಮೆಟ್ಟಿಲು ಹತ್ತಿದೆ.

ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಅವರ ದವಾಖಾನೆ. ಮೆಟ್ಟಿಲ ತುಂಬ ಜೋಳದ ಹಿಟ್ಟು ಹಾರಾಡುತ್ತಿತ್ತು. ಹೀಗಾಗಿ ಬೆಂಚಿನ ಮೇಲೆ ಕುಳಿತ ಎಲ್ಲರ ಮೈಯೂ ಬೆಳ್ಳಗೆ. ಇವರಲ್ಲಿ ಹೊಟ್ಟು ಯಾರದು, ಹಿಟ್ಟು ಯಾರದು ಎಂದು ತಿಳಿಯುತ್ತಿರಲಿಲ್ಲ. ಅಲ್ಲಿ ಯಾರಿಗೂ ನಾಚಿಕೆ ಆಗದಿರಲು ಅದೂ ಒಂದು ಕಾರಣ. ಜಾಗ ಬದಲಿಸಿರಿ ಎಂದು ಯಾರಾದರೂ ಹೇಳಿದರೆ ಡಾಕ್ಟರು, "ಯಾಕ? ಗಿರಣಿನ ನನ್ನ ಅರ್ಧ ಔಷಧ" ಎನ್ನುತ್ತಿದ್ದರಂತೆ.

ಗಿಡ್ಡ ಆಳು, ದೊಡ್ಡ ಕಿವಿ. ಮಾತು ಬಾಯಿಂದ ಹೊರಟು ಮೂಗಿನಲ್ಲಿ ಇಳಿದು ದಣಿವಾರಿಸಿಕೊಂಡು ಬರುತ್ತಿತ್ತು. ಆರಂಭಕ್ಕೊಂದು "ಹ್ಞಾಂ", ಮುಗಿಸಲೊಂದು "ಆತು". ನನ್ನ ಮೊಣಕೈಯ ಮಚ್ಚೆಯ ಮೇಲೆ ಬರಿಗೈಯಿಂದ, ಸೀರೆಯ ನೂಲು ನೋಡುವ ಗಿರಾಕಿಯ ಹಾಗೆ, ಬೆರಳಾಡಿಸಿದರು. ಮನೆಯವರೇ ಮುಟ್ಟಲು ಹಿಂಜರಿಯುತ್ತಿದ್ದ ಮಚ್ಚೆ ಅದು. ಆಮೇಲೆ ಅದೇ ಬೆರಳಿಂದ ಬಸಿಯಲ್ಲಿದ್ದ ಬಿಸ್ಕೀಟು ಎತ್ತಿ ಚಹಾದಲ್ಲಿ ಅದ್ದಿ ತಿಂದರು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಇನ್ನೊಂದು ಬಿಸ್ಕೀಟು ನನ್ನ ಕಡೆ ನೂಕಿದರು.

"ಇದಕ್ಕ ಮೊದಲ ಏನು ಹಚ್ಚಿದ್ದಿ?"

"ಔಷಧ ಅಂಗಡ್ಯಾಂವ ಒಂದು ಮುಲಾಮು ಕೊಟ್ಟಿದ್ದರಿ. ಹಚ್ಚಿದಾಗ ಹೋತು. ಬಿಟ್ಟ ಮ್ಯಾಲ ಅಣ್ಣತಮ್ಮರನ್ನೆಲ್ಲಾ ಕರಕೊಂಡು ವಾಪಸ್ ಬಂತರಿ."

"ಹ್ಞಾಂ. ಕೇಳದ ಹಚ್ಚಿದ್ರ ಹಂಗ, ಕೇಳದ ಬಿಟ್ರೂ ಹಂಗ." ಚಾಳೀಸಿನ ಮೇಲಿಂದ ನೋಡಿದರು. "ಇರಲಿ. ನಿಮ್ಮ ಬಳಗದಾಗ ಚಾಡಿ ಹೇಳೋರು ಯಾರು?"

ಇದು ಎಂಥ ಪರೀಕ್ಷೆಯೋ ನನಗೆ ತಿಳಿಯಲಿಲ್ಲ. ಆದರೆ ಉತ್ತರ ಮಾತ್ರ ಯೋಚಿಸದೆ ಬಂತು. "ನಮ್ಮ ಅತ್ತಿ ರೀ. ಅಪ್ಪನ ತಂಗಿ. ಲಕ್ಷ್ಮೇಶ್ವರದಾಗ ಇರ್ತಾಳ."

"ಭೇಷ್. ನಿನ್ನ ಚರ್ಮದಾಗೂ ಒಬ್ಬಾಕಿ ಅತ್ತಿ ಅದಾಳ."

ಅವರ ರೀತಿಯೇ ಅದು. ಸೋರಿಯಾಸಿಸ್ ಎಂಬ ಹೆಸರು ಹೇಳಿ ಕೈತೊಳೆದುಕೊಳ್ಳುವವರಲ್ಲ. ಪ್ರತಿಯೊಬ್ಬ ರೋಗಿಯ ಬಳಗದಲ್ಲಿ ಒಬ್ಬರು ಚಾಡಿಕೋರರನ್ನು ಹುಡುಕಿ, ಅವರನ್ನು ರೋಗಿಯ ಚರ್ಮದೊಳಗೆ ಕೂರಿಸಿ, ಕಥೆ ಶುರು ಮಾಡುತ್ತಿದ್ದರು. ಹಮ್ಮಿಗಿಯ ಗೌಡರೊಬ್ಬರ ಮೈಯಲ್ಲಿ ತಮ್ಮನ ಹೆಂಡತಿ ಕುಳಿತಿದ್ದಳು. ನಾಗಾವಿಯ ಒಬ್ಬ ಅಕ್ಕೋರ ಮೈಯಲ್ಲಿ ಅವರ ಶಾಲೆಯ ಹೆಡ್‌ಮಾಸ್ತರರೇ ಇದ್ದರು.

"ಅತ್ತಿ ಅಂದ್ರ ಚರ್ಮ ಕಾಯೋ ಒಂದು ಕೋಶ. ಆಕಿ ಕೆಲಸ ಏನು? ಕಟ್ಟಿ ಮ್ಯಾಲ ಕುಂತು, ಯಾರು ಬಂದ್ರು, ಯಾರು ಹೋದ್ರು ನೋಡೂದು. ಕಳ್ಳ ಬಂದ್ರ ಒಳಗ ಹೋಗಿ ಖಬರ ಕೊಡೂದು. ಆದ್ರ ನಿನ್ನ ಅತ್ತಿ ಬೀಗರು ಬಂದ್ರೂ ಕಳ್ಳ ಬಂದ ಅಂತಾಳ. ಅದನ್ನ ಕೇಳಿ ಮನಿಯಾಗಿನ ಹುಡುಗೂರು, ಟಿ ಕೋಶ ಅಂತೀವಿ ಅವಕ್ಕ, ತೋಳು ಏರಿಸ್ಕೊಂಡು ಬರ್ತಾವು. ಬಂದು ಒದರತಾವು. ಆ ಒದರಾಟಕ್ಕ ಚರ್ಮ ನೇಯೋರು ಗಾಬರಿಯಾಗಿ ಮಗ್ಗ ಜೋರು ಹೊಡೀತಾರ. ಒಂದು ತಿಂಗಳು ನೇಯೋ ಸೀರಿ ವಾರದಾಗ ಮುಗಸ್ತಾರ. ಗಿರಾಕಿ ಇಲ್ಲ, ಸೀರಿ ಮ್ಯಾಲ ಸೀರಿ ಒಟ್ಟತಾರ. ಅದ ನಿನ್ನ ಹೊಟ್ಟು. ಅದರ ಮ್ಯಾಲ ನೇಯೋರೂ ಒದರತಾರ, 'ಇನ್ನಷ್ಟು ಮಂದಿ ಬರ್ರೋ' ಅಂತ. ಬಂದವರು ಮತ್ತ ಒದರತಾರ. ಮುಗೀತು, ಮದುವಿ ಮನಿ ಜಗಳ."

"ಬಿಡಸವ್ರು ಯಾರೂ ಇಲ್ಲೇನ್ರಿ ಅಲ್ಲಿ?"

ಆ ಪ್ರಶ್ನೆ ಅವರಿಗೆ ಭಾಳ ಸೇರಿತು. ಕುರ್ಚಿಯಿಂದ ಮುಂದೆ ಬಾಗಿದರು. "ಅದಾರಲ್ಲ! ಹುಡುಗೂರು ಇದ್ದ ಮನಿಯಾಗ ಹಿರೇರು ಇರೂದಿಲ್ಲೇನು? ಟಿ ಕೋಶದಾಗ ಅದೂ ಒಂದು ನಮೂನಿ. 'ಸಾಕು ಬಿಡ್ರೋ, ಮನಿಗೆ ನಡೀರಿ' ಅನ್ನೂದಷ್ಟ ಅವರ ಕೆಲಸ. ಇಡೀ ಮೈಯಾಗ ಇದಕ್ಕಿಂತ ದೊಡ್ಡ ಕೆಲಸ ಇಲ್ಲ ತಮ್ಮಾ. ನಿನ್ನ ಮೊಣಕೈಯಾಗ ಅವರ ಮಾತು ನಡೀವಲ್ಲದು. ಒಬ್ಬಿಬ್ಬರು ಹಿರೇರಂತೂ ತಲೀ ಮ್ಯಾಲಿನ ಪಟಗಾ ಬಿಚ್ಚಿ ಒಗದು ತಾವ ಜಗಳಕ್ಕ ನಿಂತಾರ."

"ಹಂಗಾರ ಟೀ ಬಿಡಬೇಕೇನ್ರಿ?"

"ಟಿ ಕೋಶ ಅಂದ್ರ ಚಾ ಅಲ್ಲಲೇ! ಚಾ ಕುಡಿ. ಸಿಗರೇಟು ಬಿಡು. ವಾಸನಿ ಬರಾಕತ್ತೈತಿ."

ಆಮೇಲೆ ನಾನು ಆ ದವಾಖಾನೆಯಲ್ಲಿ ಆಡಬಾರದ ಮಾತೊಂದನ್ನು ಆಡಿದೆ. "ಅಂದ್ರ ಇದು ಹುರುಕು ಅಲ್ಲೇನ್ರಿ?"

ಮೇಜಿನ ಮೇಲೆ ಅವರ ಕೈ ಬಿದ್ದ ಸಪ್ಪಳಕ್ಕೆ ಕೆಳಗೆ ಗಿರಣಿ ನಿಂತಿತೇನೋ ಅನಿಸಿತು. "ಹುರುಕು ಅಂದ್ರ ಹುಳ! ಒಬ್ಬರದು ಒಬ್ಬರಿಗೆ ಹತ್ತತೈತಿ. ಇದು ಹತ್ತೂದಿಲ್ಲ. ಮುಟ್ಟಿದ್ರ ಹತ್ತೂದಿಲ್ಲ, ಕೂಡಿ ಉಂಡ್ರ ಹತ್ತೂದಿಲ್ಲ. ಇಲ್ಲಿ ಹುಳನೂ ಇಲ್ಲ, ಕಳ್ಳನೂ ಇಲ್ಲ. ಕಾಯೋರಿಗೆ ಹುರುಪು ಜಾಸ್ತಿ ಆಗೈತಿ, ಅಷ್ಟ. ಹುರುಕಲ್ಲ, ಹುರುಪು. ಒಂದ ಅಕ್ಷರ ನೆನಪಿಡು."

ಆ ಒಂದು ಅಕ್ಷರ ಮುಂದೆ ನನ್ನ ಮದುವೆಗೇ ಕುತ್ತು ತಂದೀತೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಮುಲಾಮು, ತಲೆಗೆ ಎಣ್ಣೆ, ಕೆಲವು ವಾರ ಬೆಳಕಿನ ಪೆಟ್ಟಿಗೆಯೆದುರು ನಿಲ್ಲುವುದು, ಇದೆಲ್ಲ ನಡೆಯಿತು. ಮಚ್ಚೆಗಳು ಮಾಸಿದವು. ಗೆದ್ದೆನೆಂದು ಬೀಗಿದ ತಿಂಗಳೇ ಮೊಣಕೈಯಲ್ಲಿ, ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮತ್ತೆ ಎದ್ದಿತು. ಸಿಟ್ಟಿನಿಂದ ಹೋಗಿ ಕೇಳಿದೆ. ಅವರು ಕೇಳಿದರು, "ಲಕ್ಷ್ಮೇಶ್ವರದ ಬಸ್ಸಿಗೆ ಗರ್ದಿ ಇದ್ದಾಗ ಏನು ಮಾಡ್ತಿ?"

"ಕಿಡಕ್ಯಾಗಿಂದ ಟವೆಲ್ ಒಗದು ಸೀಟು ಹಿಡೀತೀನ್ರಿ."

"ಹ್ಞಾಂ. ಜಗಳಾಡಿದ ಹುಡುಗೂರೆಲ್ಲ ಮನಿಗೆ ಹೋಗಿಲ್ಲ. ಕೆಲವರು ಅಲ್ಲೇ ಟವೆಲ್ ಹಾಸಿ ಮಲಗ್ಯಾರ. ಚರ್ಮಕ್ಕೂ ನೆನಪಿರತೈತಿ ತಮ್ಮಾ. ಅದಕ್ಕ ಅಲ್ಲೇ ಏಳತೈತಿ. ಅವರನ್ನ ಎಬ್ಬಸಬಾರದು. ಕೆರದಿ ಅಂದ್ರ ಎಬ್ಬಿಸಿದಿ. ಆತು."

ಇಷ್ಟು ಹೊತ್ತಿಗೆ ನನಗೆ ಅವರ ದನಿ ಕೂತಿತ್ತು. ಒಂದು ದಿನ ಬೆಂಚಿನ ಮೇಲೆ ಸರದಿ ಕಾಯುತ್ತ ಮೂಗಿನಿಂದ ಜೋರಾಗಿ, "ಹ್ಞಾಂ… ಮುಂದಿನವರು ಬರ್ರಿ!" ಎಂದೆ. ಮೂವರು ಒಟ್ಟಿಗೆ ಎದ್ದು ಬಾಗಿಲಿಗೆ ನುಗ್ಗಿದರು. ಒಳಗಿನಿಂದ ಡಾಕ್ಟರು ಹೊರಗೆ ಬಂದರು. ನಾನು ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ನೋಡತೊಡಗಿದೆ.

"ಇನ್ನೊಮ್ಮಿ ಅನ್ನು."

ಅಂದೆ. ಅವರು ತಲೆ ಓರೆ ಮಾಡಿ, ಹಾಡಿನ ಮಾಸ್ತರರ ಹಾಗೆ ಆಲಿಸಿದರು. "ಮೂಗು ಜಾಸ್ತಿ ಆತು. ನನಗ ನೆಗಡಿ ಆದಾಗಷ್ಟ ಹಂಗ. ಕಡಿಮಿ ಮಾಡು." ಅಷ್ಟು ಹೇಳಿ ಒಳಗೆ ಹೋದರು. ಅಂದಿನಿಂದ ನಾನು ಹೋದಾಗಲೆಲ್ಲ ಮೊದಲು ಮೊಣಕೈ ನೋಡುತ್ತಿದ್ದರು, ಆಮೇಲೆ ದನಿ.

ಆ ವರ್ಷವೇ ಲಕ್ಷ್ಮೇಶ್ವರದ ಅತ್ತಿ ನನಗೊಂದು ಸಂಬಂಧ ನೋಡಿದಳು. ಹುಡುಗಿಯ ಹೆಸರು ಗಿರಿಜಾ. ಅವರೂ ಮೂಲತಃ ನೇಕಾರರೇ. ಈಗ ಲಕ್ಷ್ಮೇಶ್ವರದ ಪೇಟೆಯಲ್ಲಿ ಬಟ್ಟೆಯಂಗಡಿ ಇದೆ, ಅಪ್ಪ ಮಗಳು ಇಬ್ಬರೂ ನೋಡಿಕೊಳ್ಳುತ್ತಾರೆ. ಹುಡುಗಿ ನೋಡಲು ಹೋದಾಗ ನಾನು ಸುಮ್ಮನಿರಬೇಕಿತ್ತು. ಅವಳಪ್ಪ ಒಳಗೆ ಹೋದದ್ದೇ ತಡ, ಅವರ ಹಾಗೆ ಮಾತಾಡಿ ತೋರಿಸಿದೆ. ನಮ್ಮ ಕಡೆಯವರೆಲ್ಲ ಬಿದ್ದು ನಕ್ಕರು. ಗಿರಿಜಾ ನಗಲಿಲ್ಲ. "ನಮ್ಮಪ್ಪ ಹಂಗ ಎಳಿಯೂದಿಲ್ರಿ. ಮಾತು ಮುಗಸೂವಾಗಷ್ಟ ಎಳೀತಾರ" ಎಂದಳು. ನೋಡಿದರೆ ಹೌದು! ನನಗೆ ಅಲ್ಲಿಯೇ ಮನಸ್ಸು ಕೂತುಬಿಟ್ಟಿತು. ನನ್ನನ್ನು ನೋಡಿ ನಗುವವರು ಊರ ತುಂಬ ಇದ್ದರು. ತಿದ್ದುವವರು ಡಾಕ್ಟರೊಬ್ಬರೇ ಇದ್ದರು.

ಡಾಕ್ಟರಿಗೆ ಹೇಳಿದೆ. "ಮೊದಲ ರೋಗದ ವಿಷಯ ಹೇಳ್ರಿ, ಆಮ್ಯಾಲ ಸಕ್ಕರಿ ಹಂಚ್ರಿ" ಎಂದರು. ಅವ್ವ ಅಂತೆಯೇ ಅತ್ತಿಗೆ ಫೋನು ಮಾಡಿದಳು. ಅತ್ತಿ ಆಗ ಪೇಟೆಯಲ್ಲಿ, ಕಾಳಿನ ಲಾರಿಗಳ ನಡುವೆ ನಿಂತಿದ್ದಳಂತೆ. ಅವ್ವ ಈ ಕಡೆಯಿಂದ ಒದರಿದಳು: "ಡಾಕ್ಟರ್ ಹೇಳ್ಯಾರವಾ, ಹುಡುಗಗ ಹುರುಪು ಜಾಸ್ತಿ ಐತಂತ!"

ಲಾರಿ ಹಾರ್ನ್ ಹೊಡೆಯಿತು. ಅತ್ತಿಯ ಕಿವಿಗೆ ಹುರುಪು ಹುರುಕಾಗಿ ಇಳಿಯಿತು.

ಸಂಜೆಯೊಳಗೆ ಲಕ್ಷ್ಮೇಶ್ವರದ ಅರ್ಧ ಪೇಟೆಗೆ ಗೊತ್ತಾಯಿತು: ಬೆಟಗೇರಿ ಹುಡುಗನಿಗೆ ಹುರುಕು ಹತ್ತಿದೆ, ಜಾಸ್ತಿಯೇ ಹತ್ತಿದೆ, ಡಾಕ್ಟರೇ ಹೇಳಿದ್ದಾರೆ. ಮರುದಿನ ಗಿರಿಜಾಳ ಅಪ್ಪ ಫೋನು ಮಾಡಿ, "ಸ್ವಲ್ಪ ತಡೀರಿ, ನೋಡೂಣು" ಎಂದರು. ಮಾತು ಮುಗಿಸುವಾಗ ಬಹಳ ಎಳೆದರು. ನಮ್ಮವರು ಸಿಟ್ಟಾದರು. ಅವರ ಕಡೆಯವರೂ ಸಿಟ್ಟಾದರು. ಅಪ್ಪ ಅತ್ತಿಯ ಮೇಲೆ ಒದರಿದರು, ಅತ್ತಿ ಅವ್ವನ ಮೇಲೆ ಒದರಿದಳು. ಬೇಕಾದವರು, ಬೇಡವಾದವರು ಎಲ್ಲರೂ ಫೋನು ಮಾಡಿ ಇನ್ನಷ್ಟು ಊದಿದರು. ನಾನು ನಡುವೆ ಕುಳಿತು ಕೆರೆದುಕೊಂಡೆ. ಮಾಸಿದ್ದ ಮಚ್ಚೆಗಳೆಲ್ಲ ಟವೆಲ್ ಝಾಡಿಸಿ ಎದ್ದು ಕುಳಿತವು.

ಜಗಳ ಅಲ್ಲಿಯೇ ಹಳಸಿ ಹೋಗುತ್ತಿತ್ತೇನೋ. ಆದರೆ ಗಿರಿಜಾ ತಾನೇ ನನಗೆ ಫೋನು ಮಾಡಿದಳು. "ಮಂದಿ ಮಾತು ಕೇಳಿ ಕೇಳಿ ತಲಿ ಕೆಟ್ಟೈತ್ರಿ. ನಿಮ್ಮ ಡಾಕ್ಟರನ್ನ ನಾನ ಕೇಳ್ತೀನಿ." ಅಪ್ಪನನ್ನು ಕರೆದುಕೊಂಡು ಗದಗಿಗೆ ಬಂದಳು. ಸಂಬಂಧ ನೋಡಿದವಳು ತಾನೆಂದು ಅತ್ತಿಯೂ ಅದೇ ಬಸ್ಸಿಗೆ ಹತ್ತಿ ಬಂದಳು.

ಡಾಕ್ಟರು ಎಲ್ಲರನ್ನೂ ಕೂರಿಸಿದರು. ಜೊತೆಗೆ ಬಂದವರು ಯಾರು ಯಾರೆಂದು ಕೇಳುವ ಅಭ್ಯಾಸ ಅವರಿಗಿರಲಿಲ್ಲ. ನೇರ ಕಥೆಗಿಳಿದರು.

"ನೋಡವಾ, ಈ ಹುಡುಗನ ಮೈಯಾಗ ಒಬ್ಬಾಕಿ ಅತ್ತಿ ಅದಾಳ. ಎಲ್ಲಾ ಕಿತಾಪತಿ ಆಕೀದ."

ನಾನು ಕೆಮ್ಮಿದೆ.

"ಆಕಿಗೆ ಬೀಗರಿಗೂ ಕಳ್ಳರಿಗೂ ಫರಕ ಗೊತ್ತಾಗೂದಿಲ್ಲ. ಕಂಡದ್ದು ಅರ್ಧ, ಹೇಳೂದು ಎರಡು ಪಟ್ಟು."

ಇನ್ನೂ ಜೋರಾಗಿ ಕೆಮ್ಮಿದೆ. "ಗಂಟಲಕ್ಕೂ ಏನರ ಆತೇನೋ ನಿನಗ?" ಎಂದರು.

ಅತ್ತಿ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಕೇಳಿದಳು: "ಯಾವ ಊರಾಕಿ ರೀ ಆ ಅತ್ತಿ?"

"ಲಕ್ಷ್ಮೇಶ್ವರದಾಕಿ ಅಂತ ಇವನ ಹೇಳ್ಯಾನ."

ಕೆಳಗೆ ಗಿರಣಿ ಒಂದು ಸೇರು ಜೋಳ ಬೀಸಿ ಮುಗಿಸಿತು. ಆಮೇಲೆ ಅತ್ತಿ ಎಂದಳು: "ನಾನ ರೀ ಆಕಿ."

ಡಾಕ್ಟರು ಚಾಳೀಸು ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ನಾನು ಆ ನಕಲನ್ನು ಇಂದಿಗೂ ಸರಿಯಾಗಿ ಮಾಡಲಾರೆ. "ಹ್ಞಾಂ… ಬರ್ರಿ ಅಕ್ಕಾರ, ಇಲ್ಲೇ ಸಮೀಪ ಕುಂಡ್ರಿ. ಭಾಳ ದಿನದಿಂದ ನಿಮ್ಮನ್ನ ನೋಡಬೇಕಂತ ಇತ್ತು."

ಅತ್ತಿ ಕುಳಿತಳು. ಕಣ್ಣು ನನ್ನ ಮೇಲಿತ್ತು. ಆ ಕಣ್ಣಿಗೆ ಯಾವ ಮುಲಾಮೂ ಇಲ್ಲ.

"ನೀವು ಏನು ಕೇಳಿದ್ರಿ ಫೋನಿನಾಗ?"

"ಹುರುಕು ಅಂತ ಕೇಳಿದೆರಿ."

"ನಾ ಹೇಳಿದ್ದು ಹುರುಪು. ಒಂದ ಅಕ್ಷರ. ಮೈಯಾಗೂ ಹಿಂಗ ಆಗೂದು ಅಕ್ಕಾರ. ಆ ಅತ್ತಿ ಸುಳ್ಳು ಹೇಳೂದಿಲ್ಲ, ತಪ್ಪು ಕೇಳ್ತಾಳ. ಹಂಗಂತ ಆಕಿನ್ನ ಮನಿ ಬಿಡಿಸಿ ಹೊರಗ ಹಾಕಾಕ ಬರೂದಿಲ್ಲ. ಆಕಿ ಇಲ್ಲಂದ್ರ ಖರೆ ಕಳ್ಳ ಬಂದಾಗ ಖಬರ ಕೊಡೋರು ಯಾರು? ಇನ್ನೊಂದು ಮಾತು ಕೇಳ್ರಿ. ಜಗಳ ಹಚ್ಚಾಕ ಬಂದಾಕಿಗೇ ಸಮಾಧಾನ ಹೇಳಾಕೂ ಬರ್ತೈತಿ. 'ಇವರು ನಮ್ಮವರು, ಏನೂ ಮಾಡಬ್ಯಾಡ್ರಿ' ಅಂತ ಆಕಿ ಹೇಳಿದ್ಲಂದ್ರ ಹಿರೇರಿಗೆ ಬಲ ಬರ್ತೈತಿ, ಹುಡುಗೂರು ತೋಳು ಇಳಿಸ್ತಾವು. ಕೋಶ ಅದ, ಮಾತು ಬ್ಯಾರೆ. ಮೈಯಾಗ ನಾವು ಅದನ್ನ ಮಾಡಸಾಕ ಇನ್ನೂ ಒದ್ದಾಡಾಕತ್ತೀವಿ. ಹೊರಗ ನಿಮಗ ಭಾಳ ಸರಳ."

ಅತ್ತಿಯ ಮುಖ ನೋಡಬೇಕಿತ್ತು. ಬೈಸಿಕೊಂಡೆನೋ ಹೊಗಳಿಸಿಕೊಂಡೆನೋ ಎಂದು ಲೆಕ್ಕ ಹಾಕುತ್ತಿದ್ದಳು. ಹೊಗಳಿಕೆಯೆಂದೇ ತೀರ್ಮಾನಿಸಿದಳು.

ಗಿರಿಜಾ ಕುರ್ಚಿ ಮುಂದೆ ಎಳೆದುಕೊಂಡಳು. "ನನಗ ಹತ್ತತೈತೇನ್ರಿ?"

"ಇಲ್ಲ."

"ಇವರಿಗೆ ಪೂರ್ತಿ ವಾಸಿ ಆಗತೈತೇನ್ರಿ?"

"ಇಲ್ಲ. ಹತೋಟ್ಯಾಗ ಇರತೈತಿ. ಬರ್ತೈತಿ, ಹೋಗತೈತಿ."

ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಕಾಲು ಹಿಂದೆ ಎಳೆದುಕೊಂಡರು, ಮಾತನ್ನಲ್ಲ.

"ಮುಂದ ಮಕ್ಕಳಿಗೆ?"

ಡಾಕ್ಟರು ಈ ಸಲ ಅವಳ ಕಡೆಗೆ ಪೂರ್ತಿ ತಿರುಗಿದರು. "ಬಾರದ ಇರೂದ ಹೆಚ್ಚು ತಂಗಿ. ಆದ್ರ ಬರೂದ ಇಲ್ಲ ಅಂತ ಹೇಳಿದ್ರ ನಾ ಸುಳ್ಳು ಹೇಳಿದಂಗಾಗತೈತಿ."

ಗಿರಿಜಾಳ ಅಪ್ಪ ನಡುವೆ ಬಾಯಿ ಹಾಕಿದರು. "ಮದುವಿ ಆದ್ರ ಕಡಿಮಿ ಆಗಬಹುದೇನ್ರೀ…?"

"ನನಗ ಮದುವಿ ಆಗಿ ಭಾಳ ವರ್ಷ ಆತ್ರಿ. ಯಾವ ಬ್ಯಾನಿನೂ ಕಡಿಮಿ ಆಗಿಲ್ಲ."

"ಮತ್ತ ಇವರ ಮಿಮಿಕ್ರಿ?" ಎಂದಳು ಗಿರಿಜಾ.

"ಅದಕ್ಕ ಔಷಧ ಇಲ್ಲವಾ."

ಅವಳು ನಕ್ಕಳು. ನನ್ನ ಯಾವ ನಕಲಿಗೂ ನಗದವಳು ನನ್ನ ರೋಗಕ್ಕೆ ಔಷಧವಿಲ್ಲವೆಂದಾಗ ನಕ್ಕಳು. ಎದ್ದು, "ಯೋಚನಿ ಮಾಡಿ ಹೇಳ್ತೀನ್ರಿ" ಎಂದು ಹೊರಟಳು.

ಅವರೆಲ್ಲ ಮೆಟ್ಟಿಲು ಇಳಿದ ಮೇಲೆ ನಾನು ಡಾಕ್ಟರ ಮೇಲೆ ಹರಿಹಾಯ್ದೆ. "ಒಂದೀಟು ಸುಳ್ಳು ಹೇಳಿದ್ರ ಏನಾಗ್ತಿತ್ರಿ ನಿಮಗ? ನನ್ನ ಸಂಸಾರ ಶುರು ಆಗೂದಕ್ಕ ಮೊದಲ ಮುಗಿಸಿದ್ರಿ."

ಅವರು ಚಹಾ ಬಸಿಗೆ ಸುರಿಯುತ್ತ ಹೇಳಿದರು: "ಸುಳ್ಳು ಹೇಳಿ ತಂದ ಹೆಂಡ್ತಿ ಮುಂದ ಜೀವನಪೂರ್ತಿ ಅಂಗಿ ತೋಳು ಇಳಿಸ್ಕೊಂಡು ಅಡ್ಡಾಡ್ತೀಯೇನು? ಈ ಬ್ಯಾಸಗ್ಯಾಗ?"

ನಾನು ಅವರ ದನಿಯಲ್ಲಿ "ಆತು" ಎಂದೆ. "ಈಗ ಮೂಗು ಬರೋಬ್ಬರಿ ಐತಿ" ಎಂದರು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೆಂದು ಅಂಗಡಿಯ ಗಿರಾಕಿಗಳನ್ನು ಕೇಳಬೇಕು. ಮದುವೆ ಸೀರೆ ಕೇಳಿದವರಿಗೆಲ್ಲ ಲಂಗದ ಬಟ್ಟೆ ತೋರಿಸಿದೆನಂತೆ. ಅತ್ತ ಅತ್ತಿ ಲಕ್ಷ್ಮೇಶ್ವರದ ಪೇಟೆಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದು, ಹುರುಕು ಎಂದವರ ಬಾಯಿ ಮುಚ್ಚಿಸುತ್ತಿದ್ದಳು. "ಹುರುಕಲ್ಲರೀ, ಹುರುಪು! ಹುಡುಗನ ಕಾವಲು ಭಾಳ ಬಿಗಿ ಐತಿ, ಅದಕ್ಕ!" ಹೀಗೆ ಹೇಳಿ ಹೇಳಿ ಕೊನೆಗೆ ನನ್ನ ರೋಗ ಒಂದು ಯೋಗ್ಯತೆಯಂತೆ ಕೇಳಿಸತೊಡಗಿತು.

ಗಿರಿಜಾ ಫೋನು ಮಾಡಿದ್ದು ಒಂದು ಮಧ್ಯಾಹ್ನ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಗಟ್ಟಿಯಾಗಿ ತಿಕ್ಕಿದ ಜಾಗಾದಾಗ ಹೊಸಾವು ಏಳತಾವಂತಲ್ರಿ, ಖರೆ ಏನು?"

"ಖರೆರಿ."

"ಹಂಗಾರ ಅರಿಷಿಣ ಹಚ್ಚೂವಾಗ ಮೆತ್ತಗ ಹಚ್ಚಾಕ ನಿಮ್ಮ ಅತ್ತಿಗೆ ಹೇಳ್ರಿ."

ಫೋನು ಇಟ್ಟಳು. ನಾನು ಒಂದಿಡೀ ಸೀರೆ ಮಡಚಿ ಮುಗಿಸಿದ ಮೇಲೆ ನನಗೆ ಅದರ ಅರ್ಥವಾಯಿತು.

ಅರಿಷಿಣದ ದಿನ ಬರಿಮೈಯಲ್ಲಿ ಮಣೆಯ ಮೇಲೆ ಕುಳಿತೆ. ಮಚ್ಚೆಗಳೂ ನನ್ನೊಡನೆ ಬಯಲಲ್ಲಿ ಕುಳಿತವು. ಅತ್ತಿ ಪಕ್ಕದಲ್ಲಿ ಕಾವಲು ನಿಂತಿದ್ದಳು. ಯಾರಾದರೂ ಕೈಗೆ ಬಲ ಹಾಕಿದರೆ, "ಏ, ಗ್ವಾಡಿ ಬಳ್ಯಾಕತ್ತೀಯೇನ ನೀನು? ಮೆತ್ತಗ!" ಯಾರಾದರೂ ಮುಟ್ಟಲು ಅನುಮಾನಿಸಿದರೆ, "ಹಚ್ಚಬೇ, ಹತ್ತೂದಿಲ್ಲ!" ಡಾಕ್ಟರೂ ಬಂದಿದ್ದರು. ಮೊಣಕೈಗೆ ಒಂದು ಬೊಟ್ಟು ಅರಿಷಿಣ ಹಚ್ಚಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ, "ಇದು ಶಾಸ್ತ್ರ, ಔಷಧ ಅಲ್ಲ. ನಾಳೆ ಯಾರೂ ಅರಿಷಿಣ ಬಳಕೊಂಡು ನನ್ನ ಹತ್ರ ಬರಬ್ಯಾಡ್ರಿ" ಎಂದರು. ಅತ್ತಿಯ ಕಡೆ ತಿರುಗಿ, "ಏನ್ ಅಕ್ಕಾರ, ಹೆಂಗ ನಡದೈತಿ?" ಎಂದರು. ಅತ್ತಿ ಎದೆ ಉಬ್ಬಿಸಿ, "ಹ್ಞಾಂ… ಎಲ್ಲಾ ಹತೋಟ್ಯಾಗ ಐತ್ರಿ!" ಎಂದಳು. ಅವಳಿಗೂ ಅವರ ದನಿ ಹತ್ತಿತ್ತು. ಅದೊಂದು ಮಾತ್ರ ಹತ್ತುವ ರೋಗ.

ಈಗ ದವಾಖಾನೆಗೆ ಕೀಲಿ ಬಿದ್ದಿದೆ. ಮೆಟ್ಟಿಲ ಮೇಲೆ ಹಿಟ್ಟು ಮಾತ್ರ ಇದೆ, ಹೊಟ್ಟಿಲ್ಲ. ಮುಂಡರಗಿಯಿಂದ ಬಂದ ಮೇಲೆ ನಾನು ಅವರ ದನಿ ತೆಗೆದಿರಲಿಲ್ಲ. ಎಲ್ಲೆಲ್ಲಿ ಕೇಳಿದರೂ ಗಂಟಲು ಸರಿಯಿಲ್ಲವೆಂದೆ. ಮೊಣಕೈಯಲ್ಲಿ ಟವೆಲ್ ಹಾಸಿದವರಿಗೆ ಅದು ಹೇಗೆ ತಿಳಿಯಿತೋ, ಎಲ್ಲರೂ ಎದ್ದರು. ಹೊಸ ಡಾಕ್ಟರು ಒಳ್ಳೆಯವರೇ, ಔಷಧವೂ ಅದೇ. ಆದರೆ ನನ್ನ ಬಳಗದ ಬಗ್ಗೆ ಏನೂ ಕೇಳಲಿಲ್ಲ.

ನಿನ್ನೆ ಸಂಜೆ ಗಿರಿಜಾ ಮುಲಾಮು ಹಚ್ಚುತ್ತಿದ್ದಳು. ಇನ್ನೊಂದು ಕೈಯ ಉಗುರು ತಾನಾಗಿಯೇ ಮೊಣಕಾಲಿನತ್ತ ಹೊರಟಿತ್ತು. ಅವಳು ಆ ಕೈಯನ್ನು ಹಿಡಿದಿಟ್ಟಳು.

"ಹಿರೇರನ್ನ ಕರೀರಿ" ಎಂದಳು.

"ಯಾವ ಹಿರೇರು?"

"ಗೊತ್ತಿದ್ದೂ ಕೇಳಬ್ಯಾಡ್ರಿ."

ಗಂಟಲು ಸರಿಮಾಡಿಕೊಂಡೆ. ಚಾಳೀಸಿಲ್ಲ, ಮೈಕಿಲ್ಲ. ಮೊಣಕೈಯನ್ನು ಮುಖದ ಹತ್ತಿರ ತಂದು ಹೇಳಿದೆ: "ಹ್ಞಾಂ… ಸಾಕು ಬಿಡ್ರೋ. ಮನಿಗೆ ನಡೀರಿ."

ಗಿರಿಜಾ ತಲೆ ಓರೆ ಮಾಡಿ ಆಲಿಸಿದಳು.

"ಮೂಗು ಜಾಸ್ತಿ ಆತು" ಎಂದಳು.

ಅದು ಮೂಗಿನ ತಪ್ಪಲ್ಲ, ಕಣ್ಣಿನದು. ಒರೆಸಿಕೊಂಡು ಮತ್ತೊಮ್ಮೆ ಹೇಳಿದೆ.